ತುಂಡಾದ ಬೆರಳು, ಕೂದಲಿಗಿಂತ ತೆಳುವಾದ ನೂಲು

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಸೂಕ್ಷ್ಮದರ್ಶಕದ ಅಡಿಯಲ್ಲಿ ಮಾಡುವ ಶಸ್ತ್ರಚಿಕಿತ್ಸೆ, ಅಂದರೆ ಮೈಕ್ರೊಸರ್ಜರಿಯ ಬಗ್ಗೆ ಕಾಸರಗೋಡು, ಮಂಜೇಶ್ವರ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತೋಟ, ಹಟ್ಟಿ, ಮರದ ಮಿಲ್ಲುಗಳಲ್ಲಿ ಕೈಗೆ ಆಗುವ ಗಾಯಗಳ ಕುರಿತಾದವು. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇವೆ.

ಪ್ರಶ್ನೆ: ನಮ್ಮ ನೆರೆಮನೆಯ ಹುಡುಗನ ಎರಡು ಬೆರಳು ದನಗಳಿಗೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ತುಂಡಾದವು. ಮನೆಯವರು ಕೂಡಲೇ ಫ್ರಿಜ್ಜಿನಿಂದ ಐಸ್ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿ, ಅದರೊಳಗೆ ಬೆರಳಿಟ್ಟು ಎರಡೇ ಗಂಟೆಯಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ಆದರೂ ಜೋಡಿಸಲಿಕ್ಕೆ ಆಗುವುದಿಲ್ಲ ಎಂದರಂತೆ. ಐಸಿನಲ್ಲಿ ಇಟ್ಟದ್ದು ತಪ್ಪೇ? — ಬಾಯಾರಿನ ಓದುಗರು

ಉತ್ತರ: ತಂಪು ಮಾಡಿದ್ದು ತಪ್ಪಲ್ಲ, ಮಾಡಿದ ರೀತಿ ತಪ್ಪು. ತುಂಡಾದ ಬೆರಳಿಗೆ ತಂಪು ಬೇಕು, ಆದರೆ ಐಸ್ ಅದಕ್ಕೆ ತಾಗಬಾರದು. ಐಸ್ ನೇರವಾಗಿ ತಾಗಿದ ಕಡೆ ಜೀವಕೋಶದ ನೀರು ಹರಳುಗಟ್ಟಿ ಕೋಶ ಒಡೆಯುತ್ತದೆ. ರಕ್ತನಾಳದ ಒಳಮೈಗೆ ಒಂದೇ ಪದರದ, ಬಹಳ ನಾಜೂಕಾದ ಹಾಸು ಇದೆ. ರಕ್ತ ಎಲ್ಲಿಯೂ ಅಂಟದೆ ಹರಿಯುವುದು ಆ ಹಾಸಿನಿಂದ. ಅದು ಕೆಟ್ಟ ಮೇಲೆ ನಾಳವನ್ನು ಎಷ್ಟು ಚಂದ ಹೊಲಿದರೂ ಒಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ಇನ್ನು ಐಸ್ ಕರಗಿದ ನೀರಿನಲ್ಲಿ ಬೆರಳು ಮುಳುಗಿದ್ದರೆ ಅದು ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಬೆರಳಿನಲ್ಲಿ ಒಂದು ಮಿಲಿಮೀಟರಿನ ನಾಳವನ್ನು ಹುಡುಕುವುದೂ ಕಷ್ಟ, ಹೊಲಿಯುವುದೂ ಕಷ್ಟ. ಆ ಹುಡುಗನ ವಿಷಯದಲ್ಲಿ ಯಂತ್ರದ ಅಲಗು ಬೆರಳನ್ನು ಎಳೆದು ಜಜ್ಜಿದ್ದೂ ಕಾರಣವಾಗಿರಬಹುದು. ಆದರೆ ಮನೆಯವರ ಕೈಯಲ್ಲಿ ಇದ್ದದ್ದು ಬೆರಳನ್ನು ತರುವ ಕ್ರಮ ಮಾತ್ರ. ಆದ್ದರಿಂದ ಅದನ್ನು ವಿವರವಾಗಿ ಹೇಳುತ್ತೇವೆ.

ಮೊದಲು ಮನುಷ್ಯ, ಆಮೇಲೆ ಬೆರಳು. ಗಾಯದ ಮೇಲೆ ಶುಭ್ರ ಬಟ್ಟೆ ಮಡಚಿಟ್ಟು ಗಟ್ಟಿಯಾಗಿ ಒತ್ತಿಹಿಡಿಯಿರಿ, ಕೈಯನ್ನು ಎದೆಗಿಂತ ಮೇಲೆ ಎತ್ತಿಡಿ. ಬೆರಳಿನ ಗಾಯದ ರಕ್ತ ಒತ್ತಿದರೆ ಹೆಚ್ಚಾಗಿ ನಿಲ್ಲುತ್ತದೆ. ಬುಡಕ್ಕೆ ಹಗ್ಗ, ರಬ್ಬರ್, ತಂತಿ ಬಿಗಿಯುವುದು ಬೇಡ, ಅದರ ಕೆಳಗಿನ ಒಳ್ಳೆಯ ನಾಳ ಮತ್ತು ನರಗಳೂ ಜಜ್ಜಿಹೋಗುತ್ತವೆ. ಅರಶಿನ, ಕಾಫಿಪುಡಿ, ಸುಣ್ಣ, ಡೆಟಾಲ್ ಯಾವುದೂ ಬೇಡ. ಉಂಗುರ ಇದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಬೆರಳು ಪೂರ್ತಿ ಕಳಚದೆ ಚರ್ಮದ ಒಂದು ಎಳೆಯಲ್ಲಿ ನೇತಾಡುತ್ತಿದ್ದರೆ ಅದನ್ನು ಕತ್ತರಿಸಬಾರದು. ಆ ಎಳೆಯಲ್ಲೇ ಒಂದು ಸಿರೆ, ಅಂದರೆ ರಕ್ತ ಹಿಂದೆ ಕೊಂಡೊಯ್ಯುವ ನಾಳ, ಉಳಿದಿರಬಹುದು, ಅದೊಂದೇ ಬೆರಳನ್ನು ಉಳಿಸಬಹುದು. ಕೈಯನ್ನು ಒಂದು ಹಲಗೆತುಂಡಿನ ಮೇಲೆ ಇದ್ದಹಾಗೆ ಕಟ್ಟಿ ತನ್ನಿ.

ಕಳಚಿದ ಬೆರಳಿಗೆ ಮಣ್ಣು, ಹುಲ್ಲು ಅಂಟಿದ್ದರೆ ಸಲೈನ್, ಇಲ್ಲದಿದ್ದರೆ ಕುದಿಸಿ ಆರಿಸಿದ ನೀರನ್ನು ಒಮ್ಮೆ ಮೇಲಿಂದ ಹೊಯ್ದರೆ ಸಾಕು. ಉಜ್ಜಬಾರದು. ಶುಭ್ರವಾದ ಹತ್ತಿಬಟ್ಟೆಯನ್ನು ಸಲೈನಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಆ ಒದ್ದೆ ಬಟ್ಟೆಯಲ್ಲಿ ಬೆರಳನ್ನು ಸುತ್ತಿ. ಅದನ್ನು ಒಂದು ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ ನೀರು ಹೋಗದಂತೆ ಬಾಯಿ ಕಟ್ಟಿ. ಇನ್ನೊಂದು ದೊಡ್ಡ ತೊಟ್ಟೆಯಲ್ಲೋ ಥರ್ಮೊಕೋಲ್ ಡಬ್ಬಿಯಲ್ಲೋ ಅರ್ಧ ಐಸ್, ಅರ್ಧ ನೀರು ತುಂಬಿ, ಅದರಲ್ಲಿ ಮೊದಲಿನ ತೊಟ್ಟೆಯನ್ನು ಇಡಿ. ಐಸಿನ ಜೊತೆ ನೀರು ಇರಲೇಬೇಕು, ಆಗಲೇ ಉಷ್ಣತೆ ಸೊನ್ನೆಗಿಂತ ಕೆಳಗೆ ಹೋಗದೆ ಸುಮಾರು 4 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ತೊಟ್ಟೆಯ ಮೇಲೆ ತುಂಡಾದ ಹೊತ್ತನ್ನು ಬರೆಯಿರಿ. ಜಜ್ಜಿಹೋದ ತುಂಡನ್ನೂ ಬಿಸಾಡಬೇಡಿ. ಅದು ತನ್ನ ಜಾಗಕ್ಕೆ ಕೂರದಿದ್ದರೂ ಅದರ ಚರ್ಮ, ನರ, ನಾಳ ಪಕ್ಕದ ಬೆರಳಿಗೆ ಉಪಯೋಗವಾಗುತ್ತದೆ. ಗಾಯಾಳುವಿಗೆ ದಾರಿಯಲ್ಲಿ ನೀರು, ಚಹಾ, ತಿಂಡಿ ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ತಡವಾಗುತ್ತದೆ.

ಸಮಯದ ಲೆಕ್ಕ ಹೀಗೆ: ಬೆರಳಿನಲ್ಲಿ ಮಾಂಸಖಂಡ ಇಲ್ಲ, ಎಲುಬು, ಬೆರಳನ್ನು ಆಡಿಸುವ ಹುರಿಯಂಥ ಸ್ನಾಯುರಜ್ಜು, ಚರ್ಮ ಅಷ್ಟೇ. ಹಾಗಾಗಿ ತಂಪಿಲ್ಲದೆ ಹೆಚ್ಚೆಂದರೆ 12 ಗಂಟೆ, ಸರಿಯಾಗಿ ತಂಪು ಮಾಡಿದರೆ 24 ಗಂಟೆಯವರೆಗೂ ತಾಳುತ್ತದೆ. ಮುಂಗೈಯಿಂದ ಮೇಲೆ ತುಂಡಾದರೆ ಕಥೆಯೇ ಬೇರೆ. ಮಾಂಸಖಂಡ ರಕ್ತವಿಲ್ಲದೆ 6 ಗಂಟೆಗೆ ಸಾಯತೊಡಗುತ್ತದೆ. ತಂಪಿನಲ್ಲಿದ್ದರೂ 10-12 ಗಂಟೆಯೇ ಗಡಿ. ಸತ್ತ ಮಾಂಸಖಂಡಕ್ಕೆ ಮತ್ತೆ ರಕ್ತ ಹರಿಸಿದರೆ ಅದರೊಳಗಿನ ಪೊಟ್ಯಾಸಿಯಂ ಮೊದಲಾದವು ಮೈಗೆ ಸೇರಿ ಹೃದಯ, ಮೂತ್ರಪಿಂಡಕ್ಕೆ ಅಪಾಯ.

ಇನ್ನು ಮಂಗಳೂರಿಗೋ ಕಣ್ಣೂರಿಗೋ ಎಂಬ ಪ್ರಶ್ನೆ. ಗಾಡಿ ಹತ್ತುವಾಗಲೇ ಒಬ್ಬರು ಫೋನ್ ಮಾಡಿ ಕೇಳಿ: ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಈಗ ಇದ್ದಾರೆಯೇ, ಆಪರೇಷನ್ ಥಿಯೇಟರಿನಲ್ಲಿ ಸೂಕ್ಷ್ಮದರ್ಶಕ ಇದೆಯೇ, ಇವತ್ತು ಥಿಯೇಟರ್ ಖಾಲಿ ಸಿಗುತ್ತದೆಯೇ. ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಅಲೆಯುವುದರಲ್ಲೇ ನಮ್ಮ ಕಡೆ ಹೆಚ್ಚಿನ ಬೆರಳುಗಳ ಹೊತ್ತು ಮೀರುತ್ತದೆ. ಆದರೆ ರಕ್ತ ನಿಲ್ಲದಿದ್ದರೆ, ತಲೆಗೋ ಹೊಟ್ಟೆಗೋ ಪೆಟ್ಟಾಗಿದ್ದರೆ 108 ಕರೆದು ಮೊದಲು ಹತ್ತಿರದ ಆಸ್ಪತ್ರೆಗೇ ಹೋಗಬೇಕು.

ಪ್ರಶ್ನೆ: ರಬ್ಬರ್ ಶೀಟ್ ಒತ್ತುವ ರೋಲರಿಗೆ ನನ್ನ ತಮ್ಮನ ತೋರುಬೆರಳು ಸಿಕ್ಕಿತು. ಬೆರಳು ತುಂಡಾಗಿರಲಿಲ್ಲ, ಕೈಯಲ್ಲೇ ಇತ್ತು. ಆದರೂ ಡಾಕ್ಟರರು ತೆಗೆದರು. ತುಂಡಾದದ್ದನ್ನೇ ಜೋಡಿಸುವವರಿಗೆ ಇದು ಯಾಕೆ ಆಗಲಿಲ್ಲ? — ಪೆರ್ಲದ ಓದುಗರು

ಉತ್ತರ: ಮೆಟ್ಟುಕತ್ತಿಯೋ ಗರಗಸವೋ ಕಡಿದ ಗಾಯದಲ್ಲಿ ಕೆಟ್ಟಿರುವುದು ಕಡಿದ ಜಾಗ ಮಾತ್ರ. ಒಂದೆರಡು ಮಿಲಿಮೀಟರ್ ಸವರಿದರೆ ಒಳ್ಳೆಯ ನಾಳ ಸಿಗುತ್ತದೆ. ರೋಲರ್ ಬೆರಳನ್ನು ಜಜ್ಜುತ್ತದೆ, ಜೊತೆಗೆ ಎಳೆಯುತ್ತದೆ. ರಿಬ್ಬನ್ನನ್ನು ಕತ್ತರಿಯ ಅಲಗಿಗೆ ಒತ್ತಿ ಎಳೆದರೆ ಸುರುಳಿಯಾಗುತ್ತದಲ್ಲ, ಎಳೆತಕ್ಕೆ ಸಿಕ್ಕಿದ ರಕ್ತನಾಳವೂ ಸೂಕ್ಷ್ಮದರ್ಶಕದಲ್ಲಿ ಹಾಗೇ ಕಾಣುತ್ತದೆ. ಬೆರಳಿನ ಎರಡೂ ಪಕ್ಕದಲ್ಲಿ ನಾಳದ ಗುಂಟ ಕೆಂಪು ಗೆರೆ ಇದ್ದರೆ ನಾಳದ ಕವಲುಗಳು ಉದ್ದಕ್ಕೂ ಹರಿದಿವೆ ಎಂದರ್ಥ. ಅಂಥ ನಾಳದ ಒಳಹಾಸು ತುದಿಯವರೆಗೂ ಕಿತ್ತಿರುತ್ತದೆ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಮುಂಗೈಯ ಒಂದು ತೆಳು ಸಿರೆಯನ್ನು ಅಲ್ಲಿಗೆ ಸೇರಿಸುವ ಉಪಾಯ ಇದೆ. ಸಿರೆಯೊಳಗೆ ಒಂದೇ ದಿಕ್ಕಿಗೆ ತೆರೆಯುವ ಕವಾಟ ಇರುವುದರಿಂದ ಅದನ್ನು ತಿರುಗಿಸಿ ಕೂರಿಸುತ್ತಾರೆ. ಆದರೆ ಆಚೆ ಬದಿಯಲ್ಲಿ ಹೊಲಿಗೆ ಹಾಕಲು ಒಳ್ಳೆಯ ನಾಳವೇ ಸಿಗದಿದ್ದರೆ ಆ ಉಪಾಯವೂ ನಡೆಯುವುದಿಲ್ಲ.

ಇನ್ನೊಂದು ಮಾತು ಇದೆ, ಮನೆಯವರಿಗೆ ಕೇಳಲು ಕಷ್ಟವಾದರೂ ಹೇಳಬೇಕು. ಹೆಬ್ಬೆರಳಾದರೆ, ಒಂದಕ್ಕಿಂತ ಹೆಚ್ಚು ಬೆರಳಾದರೆ, ಅಂಗೈಯೋ ಮಣಿಕಟ್ಟೋ ತುಂಡಾದರೆ, ಮಕ್ಕಳದ್ದಾದರೆ ಜೋಡಿಸಲು ಪ್ರಯತ್ನ ಮಾಡಲೇಬೇಕು. ದೊಡ್ಡವರ ಒಂದೇ ಬೆರಳು ಬುಡದ ಹತ್ತಿರ ಜಜ್ಜಿಹೋಗಿದ್ದರೆ, ಜೋಡಿಸಿದರೂ ಅದು ಮಡಚದೆ ಸೆಟೆದು ನಿಂತು ಉಳಿದ ಬೆರಳುಗಳ ಕೆಲಸಕ್ಕೂ ಅಡ್ಡ ಬರುವುದೇ ಹೆಚ್ಚು. ರೋಲರಿನ ಹತ್ತಿರ ಕೆಲಸ ಮಾಡುವಾಗ ಕೈಗವಸು ಮತ್ತು ಉದ್ದ ತೋಳಿನ ಅಂಗಿ ಬೇಡ. ಬಟ್ಟೆ ಸಿಕ್ಕಿದರೆ ಅದು ಕೈಯನ್ನೂ ಒಳಗೆ ಎಳೆದುಕೊಳ್ಳುತ್ತದೆ.

ಪ್ರಶ್ನೆ: ನಾನು ಟೈಲರಿಂಗ್ ಮಾಡುವವಳು. ಒಂದು ಮಿಲಿಮೀಟರಿನ ನಾಳವನ್ನು ಹೊಲಿಯುತ್ತಾರೆ ಎಂದರೆ ನನಗೆ ನಂಬಲಿಕ್ಕೇ ಆಗುವುದಿಲ್ಲ. ಸೂಜಿ ಎಷ್ಟು ದಪ್ಪ, ನೂಲು ಯಾವುದು, ಎಷ್ಟು ಹೊಲಿಗೆ? — ನೀರ್ಚಾಲಿನ ಓದುಗರು

ಉತ್ತರ: ನಿಮ್ಮ ಕಸುಬಿನಿಂದಲೇ ಈ ವಿದ್ಯೆಯ ಅರ್ಧ ಬಂದದ್ದು. ಅದನ್ನು ಮುಂದಿನ ಉತ್ತರದಲ್ಲಿ ಓದುವಿರಿ.

ಬೆರಳಿನ ಬುಡದಲ್ಲಿ ಧಮನಿಯ, ಅಂದರೆ ರಕ್ತ ತರುವ ನಾಳದ, ಅಗಲ ಒಂದು ಮಿಲಿಮೀಟರಿಗೆ ತುಸು ಹೆಚ್ಚು. ಉಗುರಿನ ಹತ್ತಿರ ಅದರ ಅರ್ಧ. ಅದಕ್ಕೆ ಬಳಸುವ ನೈಲಾನ್ ನೂಲಿನ ಹೆಸರು 10-0. ದಪ್ಪ 0.02ರಿಂದ 0.03 ಮಿ.ಮೀ. ಒಳಗೆ, ತಲೆಕೂದಲಿನ ಅರ್ಧಕ್ಕಿಂತಲೂ ಕಡಿಮೆ. ಇನ್ನೂ ಚಿಕ್ಕ ನಾಳಕ್ಕೆ 11-0, 12-0 ಇವೆ. ಈ ಸೂಜಿಗೆ ನಿಮ್ಮ ಸೂಜಿಯಂತೆ ಕಣ್ಣು ಇರುವುದಿಲ್ಲ, ನೂಲಿನ ತುದಿಯನ್ನು ಸೂಜಿಯ ಬಾಲಕ್ಕೇ ಕೂಡಿಸಿರುತ್ತಾರೆ. ನೂಲಿನಷ್ಟೇ ತೂತು ಬೀಳಬೇಕು, ದೊಡ್ಡ ತೂತಾದರೆ ರಕ್ತ ಸೋರುತ್ತದೆ. ಸೂಜಿ ಬಾಗಿದ್ದು, ಉದ್ದ ಮೂರು-ನಾಲ್ಕು ಮಿ.ಮೀ., ದಪ್ಪ 0.07ರಿಂದ 0.1 ಮಿ.ಮೀ. ಬರಿಗಣ್ಣಿಗೆ ಅದು ಹುಬ್ಬಿನ ಕೂದಲಿನ ಚೂರಿನಂತೆ ಕಾಣುತ್ತದೆ. ಬಟ್ಟೆಯ ಮೇಲೆ ಬಿದ್ದರೆ ಸಿಗುವುದಿಲ್ಲ. ಹಾಗಾಗಿ ನಾಳದ ಕೆಳಗೆ ನೀಲಿಯೋ ಹಸಿರೋ ಬಣ್ಣದ ಸಣ್ಣ ರಬ್ಬರ್ ಹಾಳೆಯನ್ನು ತೂರಿಸಿ ಇಡುತ್ತಾರೆ. ಅದರ ಮೇಲೆ ನಾಳ, ನೂಲು ಎರಡೂ ಎದ್ದು ಕಾಣುತ್ತವೆ. ಸೂಜಿಯನ್ನು ಕೈಯಲ್ಲಿ ಮುಟ್ಟುವುದೇ ಇಲ್ಲ. ಹಿಡಿಯುವ ಚಿಮಟ ಗಡಿಯಾರ ರಿಪೇರಿಯವರ ಚಿಮಟದ ಬಳಗದ್ದು.

ಕೆಲಸದ ಕ್ರಮ: ನಾಳದ ಎರಡೂ ತುದಿಗೆ ಮೆದುವಾದ ಸಣ್ಣ ಕ್ಲಿಪ್ ಹಾಕಿ ರಕ್ತ ನಿಲ್ಲಿಸಬೇಕು. ತುದಿಯನ್ನು ಒಳಹಾಸು ನುಣ್ಣಗೆ, ಬಿಳಿಯಾಗಿ ಕಾಣುವವರೆಗೆ ಸವರಬೇಕು. ಹೊರಗಿನ ಎಳೆ ಎಳೆಯಾದ ಪೊರೆಯನ್ನು ಬಿಡಿಸಿ ಕತ್ತರಿಸಬೇಕು. ಆ ಪೊರೆಯ ಒಂದು ಎಳೆ ಹೊಲಿಗೆಯ ಜೊತೆ ಒಳಗೆ ಸಿಕ್ಕಿದರೂ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ಸಲೈನಿನ ಒಂದು ಹನಿ ಬಿಟ್ಟರೆ ಮುದುಡಿದ ಬಾಯಿ ಅರಳಿ ದುಂಡಗೆ ತೆರೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಸೂಜಿ ಹೋಗಬೇಕು. ಅಂಚಿನಿಂದ ಬಿಡಬೇಕಾದ ಜಾಗ ನಾಳದ ಗೋಡೆಯ ದಪ್ಪದ ಒಂದರಿಂದ ಎರಡು ಪಟ್ಟು. ಕಡಿಮೆ ಬಿಟ್ಟರೆ ಅಂಚು ಹರಿಯುತ್ತದೆ, ಹೆಚ್ಚು ಬಿಟ್ಟರೆ ಅಂಚು ಒಳಕ್ಕೆ ಮಡಚಿ ದಾರಿಗೆ ಅಡ್ಡವಾಗುತ್ತದೆ. ಬಟ್ಟೆಯ ಹೊಲಿಗೆಯಲ್ಲಿ ನೀವು ಅಂಚು ಬಿಡುವಾಗ ನೋಡುವ ಲೆಕ್ಕವೇ ಇದು.

ಒಂದು ಮಿಲಿಮೀಟರಿನ ಧಮನಿಗೆ ಆರರಿಂದ ಎಂಟು ಹೊಲಿಗೆ. ಒಂದೊಂದೂ ಬೇರೆ ಬೇರೆ, ಒಂದೊಂದಕ್ಕೂ ಮೂರು ಗಂಟು. ಓಟದ ಹೊಲಿಗೆ ಹಾಕಿದರೆ ನೂಲು ಬಿಗಿದಾಗ ಚೀಲದ ಬಾಯಿಯಂತೆ ನಾಳ ಸಂಕುಚಿಸುತ್ತದೆ. ಅತ್ಯಂತ ಸಾಮಾನ್ಯವಾದ ತಪ್ಪು ಎಂದರೆ ಎದುರಿನ ಗೋಡೆಗೆ ಹಾಕುವ ಸೂಜಿ ಹಿಂದಿನ ಗೋಡೆಯನ್ನೂ ಹಿಡಿಯುವುದು. ಹೊರಗಿನಿಂದ ನೋಡಿದರೆ ಹೊಲಿಗೆ ಚೊಕ್ಕ, ಒಳಗೆ ದಾರಿ ಬಂದ್. ಅದಕ್ಕೇ ಕೊನೆಯ ಎರಡು ಮೂರು ಹೊಲಿಗೆಗಳನ್ನು ಮೊದಲು ಹಾಕಿಟ್ಟು, ಒಳಗೆ ಇಣುಕಿ ನೋಡಿ, ಆಮೇಲೆ ಗಂಟು ಹಾಕುತ್ತಾರೆ.

ಕ್ಲಿಪ್ ತೆಗೆದ ಮೇಲೆ ಪರೀಕ್ಷೆ ಇದೆ. ಹೊಲಿಗೆ ದಾಟಿದ ಕಡೆ ನಾಳವನ್ನು ಎರಡು ಚಿಮಟದಲ್ಲಿ ಮೆಲ್ಲಗೆ ಹಿಡಿದು, ಮುಂದಿನ ಚಿಮಟವನ್ನು ಮುಂದಕ್ಕೆ ಜಾರಿಸಿ ನಡುವಿನ ರಕ್ತವನ್ನು ಹಿಂಡಿ ಖಾಲಿ ಮಾಡುತ್ತಾರೆ. ಹಿಂದಿನ ಚಿಮಟ ಬಿಟ್ಟಾಗ ಖಾಲಿ ಜಾಗಕ್ಕೆ ರಕ್ತ ಒಮ್ಮೆಲೇ ನುಗ್ಗಿದರೆ ದಾರಿ ತೆರೆದಿದೆ. ಮೆಲ್ಲ ಮೆಲ್ಲ ಬಂದರೆ ಹೊಲಿಗೆ ಬಿಚ್ಚಿ ಮತ್ತೆ ಮಾಡಬೇಕು.

ಬೆರಳು ಜೋಡಿಸುವಾಗ ಈ ಹೊಲಿಗೆಗೆ ಸರದಿ ಬರುವುದು ಎಲುಬು ಮತ್ತು ಸ್ನಾಯುರಜ್ಜು ಆದ ಮೇಲೆ. ಎಲುಬನ್ನು ಕೆಲವು ಮಿಲಿಮೀಟರ್ ಗಿಡ್ಡ ಮಾಡಿ ಉಕ್ಕಿನ ತಂತಿಯಿಂದ ನಿಲ್ಲಿಸುತ್ತಾರೆ. ಗಿಡ್ಡ ಮಾಡುವುದು ನಾಳ, ನರಗಳು ಎಳೆತವಿಲ್ಲದೆ ಕೂಡಲಿ ಎಂದು. ಆಮೇಲೆ ಧಮನಿ, ನರ, ಸಿರೆ, ಕೊನೆಗೆ ಚರ್ಮ. ರಕ್ತ ಹಿಂದೆ ಕೊಂಡೊಯ್ಯುವ ಸಿರೆಗಳನ್ನು ಒಂದು ಧಮನಿಗೆ ಎರಡರಂತೆ ಸೇರಿಸಲು ನೋಡುತ್ತಾರೆ. ಸಿರೆಯ ಗೋಡೆ ಒದ್ದೆ ಕಾಗದದ ಹಾಗೆ ತೆಳು, ಅದನ್ನು ಹೊಲಿಯುವುದೇ ಹೆಚ್ಚು ಕಷ್ಟ. ಒಂದು ಬೆರಳಿಗೆ ಮೂರು ನಾಲ್ಕು ಗಂಟೆ ಹಿಡಿಯುವುದು ಸಾಮಾನ್ಯ.

ಕಲಿಯುವವರು ಮೊದಲು ರಬ್ಬರ್ ಹಾಳೆಯ ಸೀಳನ್ನು, ಆಮೇಲೆ ಕೋಳಿಕಾಲಿನ ನಾಳವನ್ನು, ಕೊನೆಗೆ ಒಂದು ಮಿಲಿಮೀಟರಿನ ಇಲಿಯ ತೊಡೆಯ ಧಮನಿಯನ್ನು ಹೊಲಿದು ಕೈ ಪಳಗಿಸುತ್ತಾರೆ. ಕೈ ಎಲ್ಲರದೂ ನಡುಗುತ್ತದೆ. ಮುಂಗೈಯನ್ನು, ಕಿರುಬೆರಳ ಪಕ್ಕವನ್ನು ಮೇಜಿಗೆ ಊರಿ ಬೆರಳ ತುದಿ ಮಾತ್ರ ಆಡಿಸಿದರೆ ಆ ನಡುಕ ಸೂಜಿಯವರೆಗೆ ಬರುವುದಿಲ್ಲ.

ಪ್ರಶ್ನೆ: ಇದನ್ನು ಮೊದಲು ಕಂಡುಹಿಡಿದವರು ಯಾರು? ಒಬ್ಬರ ಹೆಸರು ಹೇಳಬಹುದೇ? — ಮಂಜೇಶ್ವರದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಒಬ್ಬರ ಹೆಸರು ಹೇಳಿದರೆ ಅನ್ಯಾಯವಾಗುತ್ತದೆ. ಹೊಲಿಗೆ, ಬೆಳಕು, ಸೂಜಿ, ಮೂರೂ ಮೂರು ದಾರಿಯಲ್ಲಿ ಬಂದು ಸೇರಿದ್ದು.

ಹೊಲಿಗೆ ಫ್ರಾನ್ಸಿನ ಲಿಯೋನ್ ಪಟ್ಟಣದ್ದು. 1894ರಲ್ಲಿ ಅಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಚೂರಿ ಇರಿತಕ್ಕೆ ಸಿಕ್ಕಿ, ಹೊಟ್ಟೆಯ ದೊಡ್ಡ ಸಿರೆ ಹರಿದು ಸತ್ತರು. ಹರಿದ ನಾಳವನ್ನು ನಂಬಿಕೆಯಿಂದ ಹೊಲಿಯುವ ಕ್ರಮ ಆಗ ಬಳಕೆಯಲ್ಲಿರಲಿಲ್ಲ. ಅದೇ ಊರಿನ ಯುವ ವೈದ್ಯ ಅಲೆಕ್ಸಿ ಕರೆಲ್ ಇದನ್ನು ಮನಸ್ಸಿಗೆ ಹಚ್ಚಿಕೊಂಡು, ರೇಷ್ಮೆ ಕಸೂತಿಗೆ ಹೆಸರಾದ ಆ ಪಟ್ಟಣದ ಮದಾಮ್ ಲೆರೂದಿಯೆ ಎಂಬ ಕಸೂತಿಗಾರ್ತಿಯ ಬಳಿ ಸೂಜಿ ಹಿಡಿಯಲು ಕಲಿತರು. 1902ರಲ್ಲಿ ತಮ್ಮ ಕ್ರಮವನ್ನು ಪ್ರಕಟಿಸಿದರು: ನಾಳದ ಬಾಯಿಗೆ ಸಮದೂರದಲ್ಲಿ ಮೂರು ಹೊಲಿಗೆ ಹಾಕಿ ಎಳೆದರೆ ದುಂಡು ಬಾಯಿ ತ್ರಿಕೋನವಾಗುತ್ತದೆ, ಆಗ ನೇರ ಅಂಚನ್ನು ಹೊಲಿದಂತೆ ಹೊಲಿಯಬಹುದು. 1912ರಲ್ಲಿ ಅವರಿಗೆ ನೊಬೆಲ್ ಬಂತು. ಆ ಮೂರು ಹೊಲಿಗೆ ಇವತ್ತಿಗೂ ಹಾಕುತ್ತಾರೆ.

ಬೆಳಕು ಬಂದದ್ದು ಕಿವಿಯ ವೈದ್ಯರಿಂದ. 1921ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಾರ್ಲ್ ನ್ಯೂಲೆನ್ ಒಂಟಿಗಣ್ಣಿನ ಸೂಕ್ಷ್ಮದರ್ಶಕವನ್ನು ಕಿವಿಯ ಆಪರೇಷನ್ನಿಗೆ ಬಳಸಿದರು. ಮರುವರ್ಷ ಅದೇ ಊರಿನ ಹೋಲ್ಮ್‌ಗ್ರೆನ್ ಎರಡು ಕಣ್ಣಿನದನ್ನು ತಂದರು. 1953ರಲ್ಲಿ ಜರ್ಮನಿಯ ಝೈಸ್ ಕಂಪೆನಿಯ ಓಪಿಎಂಐ-1 ಬಂದ ಮೇಲೆ ಸ್ಟ್ಯಾಂಡಿನ ಮೇಲೆ ಬೇಕಾದ ಕಡೆ ತಿರುಗಿಸಬಹುದಾದ, ಒಳಗಿನಿಂದಲೇ ಬೆಳಕು ಬಿಡುವ ಯಂತ್ರ ಕೈಗೆ ಸಿಕ್ಕಿತು.

ಎರಡೂ ಕೂಡಿದ್ದು 1960ರಲ್ಲಿ, ಅಮೆರಿಕದ ವರ್ಮಾಂಟಿನಲ್ಲಿ. ಜೂಲಿಯಸ್ ಜೇಕಬ್‌ಸನ್ ಅವರಿಗೆ ಸಿಕ್ಕಿದ ಕೆಲಸ ನಾಯಿಯ ಕತ್ತಿನ ಧಮನಿಯಿಂದ ನರದ ಎಳೆಗಳನ್ನು ಪೂರ್ತಿ ಬಿಡಿಸುವುದು. ನಾಳವನ್ನೇ ಕತ್ತರಿಸಿ ಮತ್ತೆ ಜೋಡಿಸಿದರೆ ನರ ತಾನೇ ಹೋಗುತ್ತದೆ ಎಂದು ಅವರಿಗೆ ಹೊಳೆಯಿತು. ಕಿವಿ ವಿಭಾಗದ ಸೂಕ್ಷ್ಮದರ್ಶಕ ತಂದು ನೋಡಿದಾಗ, ತಪ್ಪಾಗುತ್ತಿದ್ದದ್ದು ಕೈಯಿಂದಲ್ಲ, ಕಣ್ಣಿನಿಂದ ಎಂದು ತಿಳಿಯಿತು. ಅವರು ಮತ್ತು ಅರ್ನೆಸ್ಟೊ ಸ್ವಾರೆಜ್ ಒಂದೂವರೆ ಮಿಲಿಮೀಟರಿಗೂ ಚಿಕ್ಕ ನಾಳಗಳನ್ನು ಹೊಲಿದು ತೋರಿಸಿದರು. ಈ ಶೋಧದ ತಿರುಳು ಇದೇ: ಕಣ್ಣಿಗೆ ಕಂಡಷ್ಟನ್ನು ಕೈ ಮಾಡಬಲ್ಲದು.

ಆದರೆ ಅಷ್ಟು ಚಿಕ್ಕ ಸೂಜಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಹ್ಯಾರಿ ಬಂಕಿ ತಮ್ಮ ಮನೆಯ ಗ್ಯಾರೇಜನ್ನೇ ಪ್ರಯೋಗಶಾಲೆ ಮಾಡಿ, ನೂಲಿನ ತುದಿಗೆ ಲೋಹ ಲೇಪಿಸಿ ಅದನ್ನೇ ಸೂಜಿಯಾಗಿ ಬಳಸಲು ನೋಡಿದರು. 1964ರಲ್ಲಿ ಮೊಲದ ಕಿವಿ ಮರುಜೋಡಣೆ, 1966ರಲ್ಲಿ ಮಂಗದ ಕಾಲ್ಬೆರಳನ್ನು ಕೈಗೆ ಕೂರಿಸಿದ್ದು ಅವರ ಕೆಲಸ. ಮನುಷ್ಯರಲ್ಲಿ, 1962ರಲ್ಲಿ ಬಾಸ್ಟನ್ನಿನಲ್ಲಿ ರೊನಾಲ್ಡ್ ಮಾಲ್ಟ್ ತಂಡ 12 ವರ್ಷದ ಹುಡುಗನ ತೋಳನ್ನೂ, 1963ರಲ್ಲಿ ಶಾಂಘೈಯಲ್ಲಿ ಚೆನ್ ಝೊಂಗ್‌ವೇಯಿ ಕಾರ್ಖಾನೆ ಕೆಲಸಗಾರನ ಕೈಯನ್ನೂ ಜೋಡಿಸಿದರು. ಪೂರ್ತಿ ತುಂಡಾದ ಬೆರಳಿನ ಮೊದಲ ಜೋಡಣೆ 1965ರ ಜುಲೈ 27ರಂದು ಜಪಾನಿನ ನಾರಾದಲ್ಲಿ ಆಯಿತು. ಕೊಮಾತ್ಸು ಮತ್ತು ತಮಾಯಿ ಅವರು ಕೂರಿಸಿದ ಹೆಬ್ಬೆರಳು ಅದು.

ಪ್ರಶ್ನೆ: ಬೆರಳು ಜೋಡಿಸಿದ ಮೇಲೆ ಜಿಗಣೆ ಕಚ್ಚಿಸುತ್ತಾರೆ ಎಂದು ಕೇಳಿದೆ, ನಿಜವೇ? ಬೀಡಿ, ಕಾಫಿ ಯಾಕೆ ಬೇಡ ಎನ್ನುತ್ತಾರೆ? — ಮುಳ್ಳೇರಿಯದ ಓದುಗರು

ಉತ್ತರ: ನಿಜ. ಹೊಲಿದ ನಾಳ ಮುಚ್ಚುವುದು ಹೆಚ್ಚಾಗಿ ಮೊದಲ ಮೂರು ದಿನಗಳಲ್ಲಿ. ಹಾಗಾಗಿ ಮೊದಲ ದಿನ ಗಂಟೆಗೊಮ್ಮೆ ಬೆರಳನ್ನು ನೋಡಬೇಕು. ಜೊತೆಗಿರುವವರಿಗೂ ಇದು ಗೊತ್ತಿರಲಿ. ಬೆರಳು ಬಿಳುಚಿ, ತಣ್ಣಗಾಗಿ, ಒಣಗಿದಂತೆ ಸುಕ್ಕಾದರೆ ರಕ್ತ ಬರುವ ದಾರಿ ಮುಚ್ಚಿದೆ. ಕಪ್ಪು-ನೀಲಿಯಾಗಿ ಉಬ್ಬಿ, ಒತ್ತಿ ಬಿಟ್ಟ ಕೂಡಲೇ ಬಣ್ಣ ಮರಳಿದರೆ ರಕ್ತ ಹೋಗುವ ದಾರಿ ಮುಚ್ಚಿದೆ. ಸರಿಯಾಗಿರುವ ಬೆರಳು ನಸುಗೆಂಪು, ಬೆಚ್ಚಗೆ, ಒತ್ತಿ ಬಿಟ್ಟರೆ ಸುಮಾರು ಎರಡು ಸೆಕೆಂಡಿನಲ್ಲಿ ಬಣ್ಣ ಬರುತ್ತದೆ. ರಾತ್ರಿ ಎರಡು ಗಂಟೆಗೆ ಬಣ್ಣ ಬದಲಾದರೆ ಎರಡು ಗಂಟೆಗೇ ನರ್ಸನ್ನು ಕರೆಯಬೇಕು, ಬೆಳಗಾಗಲಿ ಎಂದು ಕಾಯಬಾರದು. ಬೇಗ ಥಿಯೇಟರಿಗೆ ಒಯ್ದರೆ ಉಳಿಸುವ ಅವಕಾಶ ಇದೆ.

ಜಿಗಣೆಯ ಉಪಯೋಗ ರಕ್ತ ಹೋಗುವ ದಾರಿ ಸಾಲದೆ ಬಂದಾಗ, ಅದರಲ್ಲೂ ಹೊಲಿಯಲು ಸಿರೆಯೇ ಸಿಗದ ಉಗುರಿನ ಭಾಗದಲ್ಲಿ. ಒಂದು ಜಿಗಣೆ ಕುಡಿಯುವುದು 5-10 ಮಿಲಿಲೀಟರ್ ಅಷ್ಟೇ. ಆದರೆ ಅದರ ಎಂಜಲಿನ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಕಚ್ಚಿದ ಜಾಗ ಗಂಟೆಗಟ್ಟಲೆ ಸೋರುತ್ತಾ ಬೆರಳಿನ ಒತ್ತಡ ಇಳಿಸುತ್ತದೆ. ಹೊಸ ಸಿರೆ ಚಿಗುರುವ ತನಕ, ಕೆಲವು ದಿನ ಹೀಗೆ ದೂಡಬೇಕು. ಈ ನಡುವೆ ರಕ್ತ ಕೊಡಬೇಕಾಗಿ ಬರಬಹುದು. ಜಿಗಣೆಯ ಹೊಟ್ಟೆಯಲ್ಲಿ ಏರೋಮೊನಾಸ್ ಎಂಬ ಬ್ಯಾಕ್ಟೀರಿಯ ಇರುವುದರಿಂದ ಜೊತೆಗೇ ಅದಕ್ಕೆ ತಕ್ಕ ಆ್ಯಂಟಿಬಯಾಟಿಕ್ ಕೊಡುತ್ತಾರೆ. ದಯವಿಟ್ಟು ಗದ್ದೆಯ ಜಿಗಣೆಯನ್ನೋ ಕಾಡಿನ ಉಂಬಳವನ್ನೋ ಹಿಡಿದು ತರಬೇಡಿ.

ನಿಕೊಟಿನ್ ಸಣ್ಣ ಧಮನಿಗಳನ್ನು ಬಿಗಿಸುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಎಲ್ಲವೂ ಒಂದೇ. ನೋಡಲು ಬಂದವರ ಹೊಗೆಯೂ ಬೇಡ. ಕಾಫಿಯ ವಿಷಯದಲ್ಲಿ ವೈದ್ಯರೊಳಗೆ ಅಷ್ಟು ಒಮ್ಮತ ಇಲ್ಲ. ಆದರೆ ಒಂದು ತಿಂಗಳು ಬಿಟ್ಟರೆ ನಷ್ಟವೂ ಇಲ್ಲ. ಕೋಣೆ ಬೆಚ್ಚಗಿರಲಿ, ಏಸಿ ಮತ್ತು ಫ್ಯಾನಿನ ಗಾಳಿ ನೇರ ಕೈಗೆ ಬೀಳದಿರಲಿ.

ಪ್ರಶ್ನೆ: ಅಪ್ಪನಿಗೆ ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇತ್ತು. ಈಗ ದವಡೆಗೆ ಕ್ಯಾನ್ಸರ್. ದವಡೆ ಎಲುಬು ತೆಗೆದು ಕಾಲಿನ ಎಲುಬು ಇಡುತ್ತಾರಂತೆ. ಮತ್ತೆ ನಡೆಯಬಹುದೇ? — ಕುಂಬಳೆಯ ಓದುಗರು

ಉತ್ತರ: ನಡೆಯಬಹುದು. ಮೊಣಕಾಲಿನ ಕೆಳಗೆ ಎರಡು ಎಲುಬುಗಳಿವೆ. ಮೈಯ ಭಾರ ಹೊರುವುದು ದಪ್ಪದ್ದು. ತೆಗೆಯುವುದು ಹೊರಬದಿಯ ತೆಳ್ಳಗಿನ ಫಿಬುಲಾ. ಪಾದದ ಕೀಲು ಅಲುಗದಿರಲು ಕೆಳಗೆ ಆರೇಳು ಸೆಂಟಿಮೀಟರ್, ಮೊಣಕಾಲಿನ ಹತ್ತಿರವೂ ಅಷ್ಟೇ ಉಳಿಸಿ, ನಡುವೆ ದೊಡ್ಡವರಲ್ಲಿ 20-25 ಸೆಂಟಿಮೀಟರ್ ಎಲುಬನ್ನು ಅದರ ರಕ್ತನಾಳ ಮತ್ತು ಬೇಕಾದರೆ ಒಂದು ಪಟ್ಟಿ ಚರ್ಮದ ಜೊತೆ ತೆಗೆಯುತ್ತಾರೆ. ದವಡೆಯ ಆಕಾರಕ್ಕೆ ಎರಡು ಮೂರು ಕಡೆ ತುಂಡರಿಸಿ ಬಾಗಿಸಿ, ಪ್ಲೇಟು ಸ್ಕ್ರೂ ಹಾಕಿ, ಅದರ ನಾಳವನ್ನು ಕತ್ತಿನ ಧಮನಿ-ಸಿರೆಗೆ ಹೊಲಿಯುತ್ತಾರೆ. ಚರ್ಮದ ಪಟ್ಟಿ ಬಾಯಿಯ ಒಳಮೈಯಾಗುತ್ತದೆ. ಆಪರೇಷನ್ನಿಗೆ ಮೊದಲು ಎರಡೂ ಕಾಲಿನ ರಕ್ತನಾಳದ ಸ್ಕ್ಯಾನ್ ಮಾಡಿಸುತ್ತಾರೆ. ಪಾದಕ್ಕೆ ಹೋಗುವ ಮೂರು ಧಮನಿಗಳಲ್ಲಿ ಒಂದನ್ನು ತೆಗೆಯುವುದರಿಂದ ಉಳಿದೆರಡು ಸರಿಯಾಗಿರಬೇಕು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ, ನಡೆಯುವಾಗ ಕಾಲು ನೋಯುತ್ತಿದ್ದರೆ ಮುಂಚಿತವಾಗಿ ಹೇಳಿ. ಕೆಲವು ವಾರ ಕೋಲು ಬೇಕು. ಕಾಲಿನ ಹೆಬ್ಬೆರಳು ಎತ್ತುವ ಬಲ ಸ್ವಲ್ಪ ಕುಂದಬಹುದು.

ಎಲುಬನ್ನು ಹೀಗೆ ನಾಳಸಹಿತ ಸಾಗಿಸುವುದನ್ನು 1975ರಲ್ಲಿ ಮೆಲ್ಬರ್ನಿನ ಇಯಾನ್ ಟೇಲರ್ ತೋರಿಸಿದರು, ದವಡೆಗೆ 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಬಳಸಿದರು. ಅದಕ್ಕೂ ಹಿಂದೆ ಚರ್ಮವನ್ನು ಅದಕ್ಕೆ ರಕ್ತ ತರುವ ತೊಟ್ಟು ಕಡಿಯದೆ ಪಕ್ಕಕ್ಕೆ ತಿರುಗಿಸುವುದಷ್ಟೇ ಸಾಧ್ಯವಿತ್ತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಗಾಡಿ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಸೆರೆಸಿಕ್ಕಿ ಮೂಗು ಕಳೆದುಕೊಂಡಿದ್ದ. ಅವನಿಗೆ ಹಣೆಯ ಚರ್ಮ ತಿರುಗಿಸಿ ಮೂಗು ಮಾಡಿದ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಯುರೋಪಿನವರು ಅದನ್ನು ಕಲಿತರು. ಸೂಕ್ಷ್ಮ ಹೊಲಿಗೆ ಬಂದ ಮೇಲೆ ಆ ತೊಟ್ಟನ್ನು ಕಡಿದು ಬೇರೆ ಜಾಗದಲ್ಲಿ ಕೂಡಿಸಬಹುದಾಯಿತು. ಅಭ್ಯಾಸವಾದ ಆಸ್ಪತ್ರೆಗಳಲ್ಲಿ ಈಗ ನೂರರಲ್ಲಿ 95ಕ್ಕಿಂತ ಹೆಚ್ಚು ಇಂಥ ಜೋಡಣೆಗಳು ಉಳಿಯುತ್ತವೆ. ಎಲೆಅಡಿಕೆ ಮಾತ್ರ ಇವತ್ತೇ ನಿಲ್ಲಬೇಕು.

ಪ್ರಶ್ನೆ: ರೋಬಾಟ್ ಈಗ ನಾಳ ಹೊಲಿಯುತ್ತದಂತೆ. ಸತ್ತವರ ಕೈಯನ್ನು ಬದುಕಿದವರಿಗೆ ಜೋಡಿಸುವುದೂ ಇದೇ ವಿದ್ಯೆಯೇ? — ಬದಿಯಡ್ಕದ ಓದುಗರು

ಉತ್ತರ: ರೋಬಾಟ್ ತಾನಾಗಿ ಹೊಲಿಯುವುದಿಲ್ಲ, ವೈದ್ಯರ ಕೈಯ ಚಲನೆಯನ್ನು ಹತ್ತಿಪ್ಪತ್ತು ಪಟ್ಟು ಕುಗ್ಗಿಸಿ, ನಡುಕ ಸೋಸಿ ಸೂಜಿಗೆ ಮುಟ್ಟಿಸುತ್ತದೆ. ನೆದರ್ಲೆಂಡಿನ ಮ್ಯೂಸಾ ರೋಬಾಟನ್ನು 2017ರಲ್ಲಿ ಮೊದಲು ರೋಗಿಯ ಮೇಲೆ ಬಳಸಿದರು. ಇಟಲಿಯ ಸಿಮಾನಿಗೆ 2024ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಬೆಲೆ ಬಹಳ, ಹೊತ್ತೂ ಹೆಚ್ಚು. ನಮ್ಮ ಜಿಲ್ಲೆಗಳ ರೋಗಿಗೆ ಸದ್ಯಕ್ಕೆ ಅದಕ್ಕಿಂತ ಉಪಕಾರವಾದದ್ದು ಎರಡು ಸಣ್ಣ ವಸ್ತು. ಒಂದು, ಸಿರೆಯ ಎರಡು ಬಾಯಿಗಳನ್ನು ಮುಳ್ಳಿನ ಉಂಗುರಗಳಿಗೆ ಸಿಕ್ಕಿಸಿ ಗುಂಡಿ ಹಾಕಿದ ಹಾಗೆ ಒತ್ತಿ ಕೂಡಿಸುವ ಕಪ್ಲರ್. ಇಪ್ಪತ್ತು ನಿಮಿಷದ ಹೊಲಿಗೆ ಐದೇ ನಿಮಿಷದಲ್ಲಿ ಆಗುತ್ತದೆ. ಇನ್ನೊಂದು, ಐಸಿಜಿ ಎಂಬ ಹಸಿರು ಬಣ್ಣ. ಅದನ್ನು ರಕ್ತಕ್ಕೆ ಚುಚ್ಚಿ ವಿಶೇಷ ಕ್ಯಾಮೆರಾದಲ್ಲಿ ನೋಡಿದರೆ ಯಾವ ಭಾಗಕ್ಕೆ ರಕ್ತ ತಲುಪಿದೆ ಎಂದು ಥಿಯೇಟರಿನಲ್ಲೇ ಕಾಣುತ್ತದೆ.

ಕೈಕಸಿಯಲ್ಲೂ ಹೊಲಿಗೆ ಇದೇ. ಕಷ್ಟ ಬರುವುದು ಆಮೇಲೆ. 1998ರಲ್ಲಿ ಲಿಯೋನಿನಲ್ಲಿ ಕೂರಿಸಿದ ಕೈ ಚೆನ್ನಾಗಿಯೇ ಹಿಡಿದಿತ್ತು. ಮೈ ಅದನ್ನು ತಿರಸ್ಕರಿಸದಂತೆ ತಡೆಯುವ ಮದ್ದನ್ನು ರೋಗಿ ಸರಿಯಾಗಿ ತೆಗೆದುಕೊಳ್ಳದೆ, 2001ರಲ್ಲಿ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಮದ್ದು ಜೀವನಪೂರ್ತಿ ಬೇಕು. ಭಾರತದ ಮೊದಲ ಎರಡೂ ಕೈಗಳ ಕಸಿ 2015ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ, ಡಾ. ಸುಬ್ರಹ್ಮಣ್ಯ ಅಯ್ಯರ್ ತಂಡದಿಂದ ಆಯಿತು.

ಪ್ರಶ್ನೆ: ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ನನ್ನ ಕೈ ಬಾತಿದೆ. ಇದಕ್ಕೂ ಮೈಕ್ರೊಸರ್ಜರಿ ಇದೆಯೇ? — ಉಪ್ಪಳದ ಓದುಗರು

ಉತ್ತರ: ಇದೆ. ಕಂಕುಳಿನ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದಾಗ ಕೈಯ ದುಗ್ಧನಾಳಗಳಲ್ಲಿ ನೀರು ಹರಿಯುವ ದಾರಿ ತಪ್ಪುತ್ತದೆ. ಅರ್ಧ ಮಿಲಿಮೀಟರಿನ ಆಸುಪಾಸಿನ ದುಗ್ಧನಾಳವನ್ನು ಪಕ್ಕದ ಸಣ್ಣ ಸಿರೆಗೆ ಹೊಲಿದು ನೀರಿಗೆ ದಾರಿ ಮಾಡುತ್ತಾರೆ. ಜಪಾನಿನ ಕೋಶಿಮಾ ಬೆಳೆಸಿದ ಕ್ರಮ ಇದು. ಬಾವು ಬೆರಳಿನಿಂದ ಒತ್ತಿದರೆ ಗುಳಿ ಬೀಳುವಷ್ಟು ಮೆದುವಾಗಿರುವಾಗಲೇ ಹೋದರೆ ಫಲ ಹೆಚ್ಚು, ಗಟ್ಟಿಯಾಗಿ ನಾರುಕಟ್ಟಿದ ಮೇಲೆ ಕಡಿಮೆ. ಬಿಗಿ ತೋಳುಪಟ್ಟಿ ಮತ್ತು ವ್ಯಾಯಾಮ ಆಪರೇಷನ್ ಆದರೂ ಮುಂದುವರಿಯಬೇಕು.

ಪ್ರಶ್ನೆ: ನನ್ನ ಬೆರಳು ಜೋಡಿಸಿ ಎರಡು ತಿಂಗಳಾಯಿತು. ಬಣ್ಣ ಚೆನ್ನಾಗಿದೆ, ಆದರೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಯಾವಾಗ ಬರುತ್ತದೆ? — ಆದೂರಿನ ಓದುಗರು

ಉತ್ತರ: ನರ ಹೊಲಿದ ಜಾಗದಿಂದ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಅದೂ ಶುರುವಾಗಲು ಮೂರ್ನಾಲ್ಕು ವಾರ ಹಿಡಿಯುತ್ತದೆ. ಬೆರಳಿನ ಬುಡದಿಂದ ತುದಿಗೆ ಏಳೆಂಟು ಸೆಂಟಿಮೀಟರ್ ಎಂದು ಲೆಕ್ಕ ಹಾಕಿ, ನಾಲ್ಕು ತಿಂಗಳಿಗೆ ಹತ್ತಿರ. ಗಾಯದಿಂದ ತುದಿಯ ಕಡೆಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಮುಂದೆ ಹೋಗುತ್ತಿದ್ದರೆ ನರ ಬೆಳೆಯುತ್ತಿದೆ. ಅಲ್ಲಿಯವರೆಗೆ ಬಿಸಿ ಪಾತ್ರೆ, ಒಲೆ, ಕತ್ತಿ ಇರುವಲ್ಲಿ ಆ ಬೆರಳನ್ನು ಕಣ್ಣಿಂದಲೇ ಕಾಯಬೇಕು. ಮೊದಲ ಒಂದೆರಡು ಚಳಿಗಾಲದಲ್ಲಿ ಅದು ಬೇಗ ತಣ್ಣಗಾಗಿ ನೋಯುತ್ತದೆ, ಉಣ್ಣೆಯ ಚೀಲ ಹಾಕಿ. ಮುಟ್ಟಿದ್ದು ತಿಳಿಯಲು ಶುರುವಾದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ, ಐದೈದು ನಿಮಿಷ, ಕಣ್ಣು ಮುಚ್ಚಿ ಒಂದು ತಟ್ಟೆಯಲ್ಲಿ ಅಕ್ಕಿ, ಹುರುಳಿ, ಅಡಿಕೆ ಸಿಪ್ಪೆ, ನಾಣ್ಯ ಇಟ್ಟು ಆ ಬೆರಳಿಂದ ಮುಟ್ಟಿ ಯಾವುದೆಂದು ಹೇಳಿ. ಆಮೇಲೆ ಕಣ್ಣು ಬಿಟ್ಟು ನೋಡಿ, ಮತ್ತೆ ಮುಚ್ಚಿ ಅದನ್ನೇ ಮುಟ್ಟಿ.